ಹಿತ್ತಾಳೆಯ ವಾದ್ಯಕ್ಕೆ ದಾದ್ ಕೊಟ್ಟವರು

ಬೀದರಿಗೂ ಭಾಲ್ಕಿಗೂ ನಡುವಣ ರೈಲುದಾರಿಯಲ್ಲಿ ಹಲಬರ್ಗಾ ಒಂದು ನಿಲ್ದಾಣ. ಈ ಸೀಮೆಯೆಲ್ಲ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ಕನ್ನಡದ ಭಜನೆ, ಮರಾಠಿಯ ಅಭಂಗ, ಉರ್ದುವಿನ ಕವ್ವಾಲಿ, ಈ ಮೂರೂ ಇಲ್ಲಿಯವರ ಕಿವಿಗೆ ಪರಿಚಿತವೇ. ಆದುದರಿಂದ ಒಳ್ಳೆಯದನ್ನು ಕೇಳಿದಾಗ ಹೇಗೆ ಮೆಚ್ಚಬೇಕೆಂಬುದನ್ನು ಈ ಜನಕ್ಕೆ ಹೊರಗಿನವರಾರೂ ಬಂದು ಹೇಳಿಕೊಡಬೇಕಾದುದಿಲ್ಲ. ಮುಶಾಯಿರಾದಲ್ಲಿ ಕವಿಯ ಸಾಲೊಂದು ಎದೆಗೆ ನಾಟಿತೆಂದರೆ ಸಭೆಯು ಪದ್ಯ ಮುಗಿಯಲೆಂದು ಕಾಯುವುದಿಲ್ಲ; ಆ ಕ್ಷಣವೇ ‘ವಾಹ್ ವಾಹ್’ ಎಂದು ಕೂಗಿ, ಅದೇ ಸಾಲನ್ನು ಮತ್ತೊಮ್ಮೆ ಹೇಳಿಸುತ್ತದೆ. ಕವ್ವಾಲನ ಮುಂದೆ ನೋಟು ಬೀಳುತ್ತದೆ. ‘ದಾದ್ ಕೊಡುವುದು’ ಎಂಬ ಮಾತು ಹುಟ್ಟಿದ್ದು ಇದಕ್ಕಾಗಿಯೇ.

ಆದರೆ ಇದೇ ಜನರ ಮದುವೆಯ ಮೆರವಣಿಗೆಯ ಮುಂದೆ, ಬಿಸಿಲಿನಲ್ಲಿ ಬೆವರು ಸುರಿಸುತ್ತ, ಕೆಂಪು ಅಂಗಿ ತೊಟ್ಟು ಹಿತ್ತಾಳೆಯ ವಾದ್ಯವನ್ನು ಊದುತ್ತ ನಡೆಯುವ ಬ್ಯಾಂಡಿನವನಿಗೆ ದಾದ್ ಕೊಟ್ಟವರುಂಟೆ? ಹುಡುಗರು ಕುಣಿಯುತ್ತಾರೆ, ಮದುಮಗನ ಸೋದರಮಾವ ಹತ್ತು ರೂಪಾಯಿಯ ನೋಟನ್ನು ಸುಳಿದೊಗೆಯುತ್ತಾನೆ, ಆದರೆ ಕಣ್ಣು ಮುಚ್ಚಿ ಆಲಿಸುವವನು ಒಬ್ಬನೂ ಇಲ್ಲ. ಬ್ಯಾಂಡು ಇರುವುದು ಗದ್ದಲಕ್ಕೆ, ಕೇಳುವುದಕ್ಕಲ್ಲ ಎಂಬುದು ಊರಿನ ತೀರ್ಮಾನ. ಯಾವ ವಾದ್ಯವನ್ನು ಮೊದಲು ಎಲ್ಲಿ ಕೇಳಿದೆವೋ ಅಲ್ಲಿಯ ವಾಸನೆ ಆ ವಾದ್ಯಕ್ಕೆ ಅಂಟಿಕೊಂಡೇ ಇರುವುದು ಎಲ್ಲ ಊರುಗಳಲ್ಲಿಯೂ ಉಂಟು.

ಅಂತಹ ಬ್ಯಾಂಡಿನ ವಾದ್ಯವೊಂದನ್ನು ಸಂಗೀತ ಸಭೆಯ ವೇದಿಕೆಗೆ ಏರಿಸಿದವರು ನಾಡಿನ ಇನ್ನೊಂದು ತುದಿಯಲ್ಲಿದ್ದರು. ಅವರೇ ಕದ್ರಿ ಗೋಪಾಲನಾಥರು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಇವರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರವನ್ನೇ ಹಿಡಿದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡದ್ದೇ ಹುಡುಗನ ಮನಸ್ಸು ಅದರ ಮೇಲೆ ನಿಂತಿತು. ಆ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ಒಲಿಸಿಕೊಳ್ಳಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರು ಗುರುಗಳಾದರು.

ಇಷ್ಟು ವರ್ಷ ಏಕೆ ಬೇಕಾಯಿತು? ಸ್ಯಾಕ್ಸೊಫೋನು ಬೆಲ್ಜಿಯಂ ದೇಶದ ಅಡಾಲ್ಫ್ ಸಾಕ್ಸ್ ಎಂಬಾತನ ಸೃಷ್ಟಿ. 1846ರಲ್ಲಿ ಆತ ಪ್ಯಾರಿಸಿನಲ್ಲಿ ಅದರ ಹಕ್ಕನ್ನು ಪಡೆದನು. ಅದರ ಮೈತುಂಬ ಕೀಲಿಗಳು. ಒಂದನ್ನು ಒತ್ತಿದರೆ ಒಂದು ಸ್ವರ, ಇನ್ನೊಂದನ್ನು ಒತ್ತಿದರೆ ಮತ್ತೊಂದು ಸ್ವರ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರಿದಂತೆ. ನಮ್ಮ ಸಂಗೀತದಲ್ಲಾದರೋ ಸ್ವರವು ನಿಂತಲ್ಲಿ ನಿಲ್ಲುವುದಿಲ್ಲ. ತೋಡಿಯ ಗಾಂಧಾರವು ತೂಗಬೇಕು, ನೆರೆಯ ಸ್ವರವನ್ನು ಸವರಿ ಹಿಂದಿರುಗಬೇಕು. ನಾಗಸ್ವರದ ತೆರೆದ ರಂಧ್ರದ ಮೇಲೆ ಬೆರಳನ್ನು ಅರ್ಧ ಸರಿಸಿ ಈ ಗಮಕವನ್ನು ಸಾಧಿಸಬಹುದು. ಮುಚ್ಚಳವುಳ್ಳ ಕೀಲಿಯ ಮೇಲೆ ಬೆರಳಿಗೆ ಆ ಸ್ವಾತಂತ್ರ್ಯವಿಲ್ಲ. ಹೆಚ್ಚಿನ ಭಾರವೆಲ್ಲ ತುಟಿಯ ಮೇಲೆ, ಉಸಿರಿನ ಮೇಲೆ ಬೀಳುತ್ತದೆ. ಸಭಿಕರಿಗೆ ಇದೊಂದೂ ಕಾಣದು. ಗಾಂಧಾರವು ತೂಗಿತೋ ಇಲ್ಲವೋ ಎಂಬುದಷ್ಟೇ ಅವರಿಗೆ ತಿಳಿಯುವುದು. ವಿದ್ವಾಂಸರ ಮೊದಲ ಸಂಶಯವೂ ಅಲ್ಲಿಯೇ ಇದ್ದಿತು. ಅದು ಅನ್ಯಾಯದ ಸಂಶಯವೇನೂ ಅಲ್ಲ.

ಸ್ಯಾಕ್ಸೊಫೋನಿನ ಹುಟ್ಟೂರಿನ ಕಡೆಯ ಕಥೆಯೂ ಬೇರೆಯಲ್ಲ. ಸೇನೆಯ ಬ್ಯಾಂಡಿಗೆಂದು ಬೆಳೆದ ಈ ವಾದ್ಯವು ಅಮೆರಿಕದಲ್ಲಿ ಬಹುಕಾಲ ವಿನೋದದ ಆಟಗಳಲ್ಲಿ ನಗಿಸುವ ಕೆಲಸ ಮಾಡಿಕೊಂಡಿದ್ದಿತು. ಕೋಲ್ಮನ್ ಹಾಕಿನ್ಸ್, ಅನಂತರ ಚಾರ್ಲಿ ಪಾರ್ಕರ್ ಮೊದಲಾದ ಕರಿಯ ಕಲಾವಿದರು ಅದರಲ್ಲಿ ಜಾಝ್ ಸಂಗೀತವನ್ನು ನುಡಿಸಿದ ಮೇಲೆಯೇ ಕೇಳುವವರು ನಗುವುದನ್ನು ನಿಲ್ಲಿಸಿದರು. ಜಾಝ್ ಶ್ರೋತೃಗಳ ನಡೆ ನಮ್ಮ ಮುಶಾಯಿರಾದವರ ನಡೆಯನ್ನು ಹೋಲುತ್ತದೆ. ವಾದಕನೊಬ್ಬನು ತನ್ನ ಮನೋಧರ್ಮದ ಸರದಿಯನ್ನು ಮುಗಿಸಿದೊಡನೆ, ಹಾಡು ಇನ್ನೂ ನಡೆಯುತ್ತಿರುವಾಗಲೇ, ಕೈತಟ್ಟುತ್ತಾರೆ. ಮದರಾಸಿನ ಸಭೆಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ, ಬಾಯೊಳಗೇ ‘ಭೇಷ್’ ಎನ್ನುತ್ತ ಕುಳಿತವರಿಗೆ ಇದು ಅವಸರವೆಂದು ತೋರಬಹುದು. ಹಲಬರ್ಗಾದವರಿಗೆ ಹಾಗೆ ತೋರಲಾರದು.

ಈ ಎರಡು ಬಗೆಯ ಕಿವಿಗಳೂ ಎದುರುಬದುರಾದದ್ದು 1980ರಲ್ಲಿ, ಮುಂಬಯಿಯ ಜಾಝ್ ಉತ್ಸವದಲ್ಲಿ. ಆಗ ಗೋಪಾಲನಾಥರಿಗೆ ಮೂವತ್ತು ವರ್ಷ. ಕೇಳಲು ಬಂದವರಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಇದ್ದರು. ಚಾರ್ಲ್ಸ್ ಮಿಂಗಸ್‌ನ ಮೇಳದಲ್ಲಿ ಪಳಗಿ, 1965ರ ಮಾಂಟೆರೆ ಉತ್ಸವದಲ್ಲಿ ಹೆಸರು ಮಾಡಿದ ನುರಿತ ಸ್ಯಾಕ್ಸೊಫೋನ್ ವಾದಕರವರು. ಅಲಿ ಅಕ್ಬರ್ ಖಾನ್ ಮತ್ತು ಜಾಕಿರ್ ಹುಸೇನರೊಡನೆ 1975ರಲ್ಲಿಯೇ ಧ್ವನಿಮುದ್ರಣ ಮಾಡಿದ್ದುದರಿಂದ ರಾಗವೆಂಬುದು ಅವರಿಗೆ ಅಪರಿಚಿತವಲ್ಲ. ಆದರೆ ತಾವು ಜೀವಮಾನವೆಲ್ಲ ಊದಿದ ವಾದ್ಯದಲ್ಲಿಯೇ ರಾಗವು ಹೊರಡುವುದನ್ನು ಕೇಳಿ ಹ್ಯಾಂಡಿಯವರು ಸುಮ್ಮನೆ ಕುಳಿತಿರಲಾರದೆ ಹೋದರು. ವೇದಿಕೆಗೆ ಬರಲು ಅನುಮತಿ ಬೇಡಿ, ಆ ತರುಣನ ಪಕ್ಕದಲ್ಲಿ ನಿಂತು ತಾವೂ ನುಡಿಸಿದರು. ಶ್ರೋತೃವೊಬ್ಬನು ಕೊಡಬಹುದಾದ ದಾದ್‌ಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದಿದ್ದೀತು? ಕಚೇರಿಯ ಹಿರಿಯನು ಕೇಳುವವರ ಸಾಲಿನಲ್ಲಿದ್ದನು, ಕಿರಿಯನು ವೇದಿಕೆಯ ಮೇಲಿದ್ದನು; ಈ ತಲೆಕೆಳಗಾದ ಚಿತ್ರವೇ ಆ ಸಂಜೆಯ ಸ್ವಾರಸ್ಯ.

ಅಲ್ಲಿಂದಾಚೆ ಬರ್ಲಿನ್, ಪ್ರಾಗ್ ನಗರಗಳ ಜಾಝ್ ಉತ್ಸವಗಳು ಗೋಪಾಲನಾಥರನ್ನು ಕರೆದವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯವರ ಪ್ರಾಮ್ಸ್ ಕಚೇರಿಯಲ್ಲಿ ನುಡಿಸಿದರು. ಕರ್ನಾಟಕ ಸಂಗೀತಗಾರರಲ್ಲಿ ಆ ಆಹ್ವಾನವನ್ನು ಮೊದಲು ಪಡೆದವರು ಅವರೇ. ಅದೇ ವರ್ಷ ತಮಿಳಿನ ‘ಡ್ಯುಯೆಟ್’ ಚಿತ್ರದ ನಾಯಕನ ಸ್ಯಾಕ್ಸೊಫೋನಿಗೆ ಅವರು ಉಸಿರು ಕೊಟ್ಟರು. ಸಭೆಯ ಬಾಗಿಲನ್ನು ಎಂದೂ ತುಳಿಯದ ಜನರೂ ಇದರಿಂದ ಅವರನ್ನು ಬಲ್ಲವರಾದರು. 2004ರಲ್ಲಿ ಪದ್ಮಶ್ರೀ ಬಂದಿತು.

ನಗೆಯೊಂದರಿಂದ ಆರಂಭವಾದ ಇನ್ನೊಂದು ಪ್ರಸಂಗವುಂಟು. ಅಮೆರಿಕದ ಕೊಲರಾಡೋದಲ್ಲಿ ಬೆಳೆದ ರುದ್ರೇಶ ಮಹಾಂತಪ್ಪ ಎಂಬ ತರುಣ ಜಾಝ್ ಸ್ಯಾಕ್ಸೊಫೋನನ್ನು ಅಭ್ಯಾಸ ಮಾಡುತ್ತಿದ್ದ ಕಾಲದಲ್ಲಿ ಅಣ್ಣನು ತಮಾಷೆಗೆಂದು ಒಂದು ಧ್ವನಿಮುದ್ರಿಕೆಯನ್ನು ಕೊಟ್ಟನು. ಭಾರತೀಯ ಶೈಲಿಯ ಸ್ಯಾಕ್ಸೊಫೋನ್ ಎಂಬ ಅರ್ಥದ ಅದರ ಹೆಸರೇ ಅಣ್ಣನಿಗೆ ವಿನೋದವಾಗಿ ಕಂಡಿದ್ದಿತು. ನುಡಿಸಿದವರು ಗೋಪಾಲನಾಥರು. ತಮ್ಮನು ನಗಲಿಲ್ಲ. ಮುಂದೆ ಅವರಿದ್ದಲ್ಲಿಗೇ ಬಂದು ಅವರೊಡನೆ ಕುಳಿತನು. ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂದಿತು. ಪಿಟೀಲು ಎ. ಕನ್ಯಾಕುಮಾರಿಯವರದು. ಬಂಧುಗಳು ಎಂಬುದೇ ಆ ಹೆಸರಿನ ಅರ್ಥ. ಅಷ್ಟು ಹೊತ್ತಿಗೆ ಗೋಪಾಲನಾಥರೇ ಹಿರಿಯರಾಗಿದ್ದರು, ಜಾಝ್ ಲೋಕವು ಅವರ ಮುಂದೆ ಕುಳಿತು ಕೇಳುತ್ತಿದ್ದಿತು.

ಇಲ್ಲಿಗೆ ಎಲ್ಲವೂ ಮಂಗಳವಾಯಿತೆನ್ನಲು ಮನಸ್ಸು ಬಾರದು. ಉತ್ತರದಲ್ಲಿ ಶಹನಾಯಿಯನ್ನು ದೇವಾಲಯದ ಬಾಗಿಲಿನಿಂದ ಕಚೇರಿಗೆ ಕರೆತಂದ ಬಿಸ್ಮಿಲ್ಲಾ ಖಾನರು ತಮ್ಮ ಮನೆತನದ ವಾದ್ಯವನ್ನೇ ಎತ್ತಿ ನಿಲ್ಲಿಸಿದರು. ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಅವರ ಶಹನಾಯಿಯನ್ನು ಕೇಳಿದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಗಸ್ವರದವರ ಮಗನಾದ ಗೋಪಾಲನಾಥರಿಗೆ ದೊರೆತ ಜಯವೋ ತಂದೆಯ ವಾದ್ಯದ ಪಾಲಿಗೆ ಸ್ಪರ್ಧೆಯಾಯಿತು. ಕರಾವಳಿಯ ಮದುವೆ ಮಂಟಪಗಳಲ್ಲಿ, ದೇವಾಲಯಗಳ ಉತ್ಸವಗಳಲ್ಲಿ ಈಗ ಡೋಲಿನ ಜೊತೆಗೆ ಸ್ಯಾಕ್ಸೊಫೋನು ಕೇಳಿಬರುತ್ತದೆ. ಓಲಗದ ಮನೆತನಗಳ ಹುಡುಗರು ಅದನ್ನೇ ಕಲಿಯುತ್ತಾರೆ. ಕೆಲಸ ಸಿಗುವುದು ಅದಕ್ಕೆ. ಹುಡುಗರನ್ನು ದೂರುವುದರಲ್ಲಿ ಅರ್ಥವಿಲ್ಲ. ನಾಗಸ್ವರ ನುಡಿಯುವಾಗ ಊಟದ ಎಲೆಯ ಕಡೆಗೆ ನೋಡುತ್ತಿದ್ದವರು ಸ್ಯಾಕ್ಸೊಫೋನು ನುಡಿದಾಗ ಕುರ್ಚಿಯನ್ನು ಇತ್ತ ತಿರುಗಿಸಿದರಲ್ಲವೆ?

2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ತೀರಿಕೊಂಡರು. ಕರಾವಳಿಯಲ್ಲಿ ಮದುವೆಯವರು ಸ್ಯಾಕ್ಸೊಫೋನಿನವರಿಗೆ ವೇದಿಕೆಯ ಮೇಲೆ ಚಾಪೆ ಹಾಸಿ ಕೂರಿಸುತ್ತಾರೆ. ಬೀದರ ಸೀಮೆಯ ಬ್ಯಾಂಡಿನವನು ಮಾತ್ರ ಇನ್ನೂ ಬೀದಿಯಲ್ಲಿ ನಡೆಯುತ್ತಲೇ ಊದುತ್ತಾನೆ.