ವಿಜ್ಞಾನ ವಿಚಾರ: ಆಕಾಶದಲ್ಲಿ ಹತ್ತಿರದ ಹಾದಿ

ಮಗನೋ ಮಗಳೋ ಅಮೆರಿಕಾದಲ್ಲಿ ನೆಲಸಿರುವ ಸಂಸಾರಗಳು ಈಗ ನಮ್ಮಲ್ಲಿ ವಿರಳವಲ್ಲ. ಅಂತಹ ಮನೆಗಳಲ್ಲಿ ಹಿರಿಯರು ಗೋಡೆಯ ಭೂಪಟದ ಮುಂದೆ ನಿಂತು, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಬೆರಳಿನಿಂದ ನೇರವಾದ ಗೆರೆಯನ್ನೆಳೆದು ನಿಟ್ಟುಸಿರಿಡುವುದುಂಟು. ಆ ಗೆರೆಯು ಅರೇಬಿಯಾ, ಆಫ್ರಿಕಾಖಂಡದ ಮರಳುಗಾಡು, ಅಟ್ಲಾಂಟಿಕ್ ಸಾಗರ ಇವುಗಳನ್ನು ಹಾದುಹೋಗುತ್ತದೆ. ವಿಮಾನವು ಅದರಂತೆಯೇ ಹಾರಿದಲ್ಲಿ ಕ್ರಮಿಸಬೇಕಾದ ದೂರ ಸುಮಾರು 20,000 ಕಿಲೋಮೀಟರು. ಆದರೆ ಈ ಎರಡು ನಗರಗಳ ನಡುವಣ ನಿಜವಾದ ಅಂತರ ಸುಮಾರು 14,000 ಕಿಲೋಮೀಟರು ಮಾತ್ರ. ಉಳಿದುದೆಲ್ಲ ಕಾಗದದ ಸೃಷ್ಟಿ.

ಇದು ಹೇಗೆಂದರೆ, ಭೂಮಿಯು ಗುಂಡಗಿದೆ, ಭೂಪಟವು ಚಪ್ಪಟೆಯಾಗಿದೆ. ಚಪ್ಪಟೆ ಮಾಡುವಾಗ ಧ್ರುವಗಳ ಸಮೀಪದ ಪ್ರದೇಶವನ್ನು ಹಿಗ್ಗಿಸದೆ ವಿಧಿಯಿಲ್ಲ. ಆದುದರಿಂದ ಉತ್ತರದ ಒಳದಾರಿಯು ನಮ್ಮ ಕಣ್ಣಿಗೆ ಸುತ್ತುದಾರಿಯಾಗಿ ತೋರುತ್ತದೆ. ಮನೆಯಲ್ಲಿ ಮಕ್ಕಳ ಗೋಳವೊಂದಿದ್ದರೆ, ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿರಿ. ದಾರವು ಹಿಮಾಲಯವನ್ನು ದಾಟಿ, ಸೈಬೀರಿಯಾದ ಈಶಾನ್ಯದ ಅಂಚನ್ನು ಸವರಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಅದೇ ಅತ್ಯಂತ ಹತ್ತಿರದ ಹಾದಿ.

ಹಾಗಾದರೆ ವಿಮಾನಗಳು ದಾರದ ಹಾದಿಯಲ್ಲಿಯೇ ಹೋಗುವುವೇ? ಹಾಗೂ ಅಲ್ಲ. 2021ನೆಯ ಇಸವಿ ಜನವರಿ 9ರ ಶನಿವಾರ ರಾತ್ರಿ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋವನ್ನು ಬಿಟ್ಟು, ಉತ್ತರಧ್ರುವದ ಮೇಲೆ ಹಾರಿ, ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ಸೇರಿತು. ಇಲ್ಲಿ ಆಗ ಸೋಮವಾರದ ಬೆಳಗಿನ ಜಾವ. ಅದನ್ನು ನಡೆಸಿದ ಚಾಲಕರೆಲ್ಲರೂ ಸ್ತ್ರೀಯರು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ಮುಖ್ಯಸ್ಥೆ. ಧ್ರುವದ ಮೇಲೆ ಹೋದರೆ ದೂರವು ಸುಮಾರು 14,370 ಕಿಲೋಮೀಟರು ಆಗುತ್ತದೆ.

ಹತ್ತಿರದ ದಾರಿಯನ್ನು ಬಿಡುವುದಕ್ಕೆ ಕಾರಣಗಳುಂಟು. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ, ಉಸಿರಾಡಲು ಅನುಕೂಲವಾದ ಸುಮಾರು 3,000 ಮೀಟರು ಎತ್ತರಕ್ಕೆ ಬೇಗನೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರು ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ? ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಮೇಲುಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದೊಂದು ದೇಶದ ಆಕಾಶಕ್ಕೂ ಅದರದರ ಅಪ್ಪಣೆ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಷ್ಟಕಾಲದಲ್ಲಿ ಇಳಿಯಲು ದಾರಿಯುದ್ದಕ್ಕೂ ತಾಣಗಳಿರಬೇಕು. 2023ನೆಯ ಜೂನ್ 6ರಂದು ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋವಿಗೆ ಹೊರಟಿದ್ದ ವಿಮಾನದ ಒಂದು ಯಂತ್ರದಲ್ಲಿ ದೋಷವು ಕಂಡುಬಂದಾಗ, 216 ಪ್ರಯಾಣಿಕರು ರಷ್ಯಾದ ದೂರಪೂರ್ವದ ಮಗದಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿದರು. ಬೇರೊಂದು ವಿಮಾನ ಬರುವ ತನಕ ಅಲ್ಲಿಯೇ ತಂಗಿದರು. ಆ ನಿರ್ಜನ ಪ್ರದೇಶದಲ್ಲಿ ಒಂದು ಇಳಿದಾಣವಿದ್ದುದು ಅವರ ಪುಣ್ಯ.

ಆದಕಾರಣ, ಮಕ್ಕಳು ಪ್ರಯಾಣದಲ್ಲಿರುವಾಗ ವಿಮಾನದ ಹಾದಿಯು ಭೂಪಟದ ಮೇಲೆ ಬಿಲ್ಲಿನಂತೆ ಬಾಗಿರುವುದನ್ನು ಕಂಡು, ಅದು ದಾರಿ ತಪ್ಪಿತೆಂದು ಹಿರಿಯರು ಗಾಬರಿಗೊಳ್ಳಬೇಕಾಗಿಲ್ಲ. ಆ ಬಾಗಿನಲ್ಲಿ ಒಂದಷ್ಟು ಭೂಮಿಯ ಆಕಾರದಿಂದ ಬಂದುದು. ಮಿಕ್ಕುದು ನಮ್ಮವರನ್ನು ಕ್ಷೇಮವಾಗಿ ತಲುಪಿಸಬೇಕೆಂಬ ಎಚ್ಚರಿಕೆಯಿಂದ ಬಂದುದು.