ಚೌಕದ ಡ್ರೈವರ್ ಚೆಂಡನ್ನು ನೇರ ಮಾಡೀತೆ?

2007ರಲ್ಲಿ ಗಾಲ್ಫ್ ಸಾಮಗ್ರಿಯ ಮಾರುಕಟ್ಟೆಗೆ ಎರಡು ವಿಚಿತ್ರ ಆಕಾರದ ಡ್ರೈವರ್‌ಗಳು ಬಂದವು. ನೈಕಿ ಕಂಪನಿಯ ‘ಸುಮೋ ಸ್ಕ್ವೇರ್ಡ್’ ಒಂದು, ಕ್ಯಾಲವೇ ಕಂಪನಿಯ ‘ಎಫ್‌ಟಿ-ಐ’ ಇನ್ನೊಂದು. ಉದ್ದನೆಯ ಹೋಲ್‌ಗಳ ಮೊದಲ ಹೊಡೆತಕ್ಕೆ ಆಟಗಾರ ಚೀಲದಿಂದ ತೆಗೆಯುವ ಅತಿ ಉದ್ದದ ಕ್ಲಬ್ಬೇ ಡ್ರೈವರ್. ಅದರ ಹೆಡ್ಡು ತಲೆಮಾರುಗಳಿಂದ ಗುಂಡಗೆ, ಹಿಂದಕ್ಕೆ ಸಪೂರವಾಗುತ್ತ ಹೋಗುವ ರೂಪದಲ್ಲಿತ್ತು. ಹೊಸ ಎರಡರ ಹೆಡ್ಡುಗಳಿಗೆ ಹಿಂಬದಿಯಲ್ಲಿ ಎರಡು ಮೂಲೆಗಳಿದ್ದವು, ಮೇಲಿನಿಂದ ನೋಡಿದರೆ ಹೆಚ್ಚುಕಡಿಮೆ ಚೌಕವೇ. ಚೆಂಡು ಹೆಚ್ಚು ನೇರವಾಗಿ ಹೋಗುತ್ತದೆ, ಹೊಡೆತ ಸ್ವಲ್ಪ ತಪ್ಪಿದರೂ ನಡೆಯುತ್ತದೆ ಎಂಬ ಎರಡು ಭರವಸೆಗಳು ಅವುಗಳ ಜೊತೆ ಬಂದವು. ಅದೇ ವರ್ಷ ದಕ್ಷಿಣ ಕೊರಿಯಾದ ಕೆ.ಜೆ. ಚೋಯ್ ನೈಕಿಯ ಚೌಕದ ಡ್ರೈವರ್ ಹಿಡಿದು ಅಮೆರಿಕದ ಪಿಜಿಎ ಟೂರ್‌ನಲ್ಲಿ ಎರಡು ಪಂದ್ಯಾವಳಿ ಗೆದ್ದರು. ಹಾಗಿದ್ದೂ ಕೆಲವೇ ವರ್ಷಗಳಲ್ಲಿ ಚೌಕ ಅಂಗಡಿಗಳಿಂದ ಮಾಯವಾಯಿತು. ಆ ಎರಡು ಭರವಸೆಗಳು ಮಾತ್ರ ಹೊಸ ಹೊಸ ಆಕಾರಗಳ ಬೆನ್ನೇರಿ ಇವತ್ತಿಗೂ ಪ್ರತಿ ವರ್ಷ ಬರುತ್ತಿವೆ. ಅವುಗಳಲ್ಲಿ ಒಂದು ನಿಜ, ಇನ್ನೊಂದು ಬಹುಮಟ್ಟಿಗೆ ಹುಸಿ ಎಂಬುದು ನನ್ನ ವಾದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮಾರುವುದರಿಂದ ಕಲಿಯುವ ಆಟಗಾರನಿಗೆ ದುಡ್ಡೂ ನಷ್ಟ, ಕಾಲವೂ ನಷ್ಟ.

ನಿಜವಾದದ್ದನ್ನು ಮೊದಲು ನೋಡೋಣ. ಡ್ರೈವರ್ ಹೆಡ್ಡಿನ ತೂಕ ಸುಮಾರು 200 ಗ್ರಾಂ, ಚೆಂಡಿನದು ಹೆಚ್ಚೆಂದರೆ 45.93 ಗ್ರಾಂ. ಎರಡೂ ತಾಗಿಕೊಂಡಿರುವ ಅವಧಿ ಅರ್ಧ ಮಿಲಿಸೆಕೆಂಡಿನ ಆಸುಪಾಸು. ಚೆಂಡು ಫೇಸಿನ, ಅಂದರೆ ಹೆಡ್ಡಿನ ಮುಂಬದಿಯ, ನಡುಮಧ್ಯಕ್ಕೆ ತಾಗಿದರೆ ಪೆಟ್ಟಿನ ಬಲ ಹೆಡ್ಡಿನ ಗುರುತ್ವ ಕೇಂದ್ರದ ಮೂಲಕವೇ ಹಾದುಹೋಗುತ್ತದೆ, ಹೆಡ್ಡು ತಿರುಗುವುದಿಲ್ಲ. ಹೊರತುದಿಗೋ ಶಾಫ್ಟಿನ (ಕ್ಲಬ್ಬಿನ ಕೋಲಿನ) ಬದಿಗೋ ತಾಗಿದರೆ ಹೆಡ್ಡು ಆ ಕ್ಷಣದಲ್ಲೇ ತಿರುಗುತ್ತದೆ, ಚೆಂಡಿಗೆ ಹೋಗಬೇಕಾದ ಶಕ್ತಿಯ ಒಂದು ಪಾಲು ಆ ತಿರುಗಾಟದಲ್ಲಿ ಸೋರಿಹೋಗುತ್ತದೆ. ತಿರುಗುವುದನ್ನು ತಡೆಯುವ ಗುಣವನ್ನು ಗಾಲ್ಫ್ ಬಲ್ಲವರು ಎಂಒಐ ಎನ್ನುತ್ತಾರೆ. ತೂಕ ಕೇಂದ್ರದಿಂದ ದೂರ ಸರಿದಷ್ಟೂ ಇದು ಹೆಚ್ಚುತ್ತದೆ, ಅದೂ ದೂರದ ವರ್ಗದ ಪ್ರಮಾಣದಲ್ಲಿ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿ ಕೈಯಲ್ಲಿ ಉದ್ದನೆಯ ಗಳ ಹಿಡಿಯುವುದು ಈ ಕಾರಣಕ್ಕೇ. ಚೌಕದ ಹೆಡ್ಡಿನ ಹಿಂದಿದ್ದ ಯೋಚನೆಯೂ ಇದೇ: ಹಿಂಬದಿಯ ಎರಡು ಮೂಲೆಗಳಿಗೆ ತೂಕವನ್ನು ತಳ್ಳಿದರೆ ಹೆಡ್ಡು ಸುಲಭವಾಗಿ ತಿರುಗಲಾರದು. ಭೌತಶಾಸ್ತ್ರ ಇದನ್ನು ಪೂರ್ತಿ ಒಪ್ಪುತ್ತದೆ, ನಾನೂ ಒಪ್ಪುತ್ತೇನೆ.

ಒಪ್ಪಿದ ಮೇಲೆ ಕೇಳಬೇಕಾದ ಪ್ರಶ್ನೆ, ಲಾಭ ಎಷ್ಟು ಎಂಬುದು. ಗಾಲ್ಫ್ ನಿಯಮಗಳನ್ನು ರೂಪಿಸುವ ಯುಎಸ್‌ಜಿಎ ಮತ್ತು ಆರ್ ಆ್ಯಂಡ್ ಎ ಸಂಸ್ಥೆಗಳು ಡ್ರೈವರ್ ಹೆಡ್ಡಿನ ಗಾತ್ರಕ್ಕೆ 460 ಘನ ಸೆಂಟಿಮೀಟರ್‌ನ ಮಿತಿ ಹಾಕಿವೆ. ಅಡ್ಡಗಲ 5 ಇಂಚು ಮೀರಬಾರದು, ಮುಂದಿನಿಂದ ಹಿಂದಕ್ಕಿರುವ ಆಳ ಅಡ್ಡಗಲಕ್ಕಿಂತ ಕಡಿಮೆಯೇ ಇರಬೇಕು. ಲಂಬ ಅಕ್ಷದ ಸುತ್ತಲಿನ ಎಂಒಐಗೂ 5,900 ಗ್ರಾಂ-ಚದರ ಸೆಂಟಿಮೀಟರ್‌ನ ಮಿತಿಯಿದೆ. ನೈಕಿ ತನ್ನ ಚೌಕದ ಡ್ರೈವರಿಗೆ ಆ 5,900 ಎಂಬ ಸಂಖ್ಯೆಯನ್ನೇ ಅಂಟಿಸಿ ಮಾರಿತು. ಈಗ ಒಂದು ಸರಳ ಲೆಕ್ಕ ಮಾಡೋಣ. ಚೆಂಡು ಕೇಂದ್ರದಿಂದ 2 ಸೆಂಟಿಮೀಟರ್ ಆಚೆ ತಾಗಿದೆ ಎಂದುಕೊಳ್ಳಿ. ಇದು ಸಣ್ಣ ತಪ್ಪಲ್ಲ. ಎಂಒಐ 2,000 ಇರುವ ಚಿಕ್ಕ ಹೆಡ್ಡಾದರೆ ಚೆಂಡಿನ ವೇಗ ಸುಮಾರು ಶೇ 7ರಷ್ಟು ಕುಗ್ಗುತ್ತದೆ. 5,000 ಇರುವ ದೊಡ್ಡ ಹೆಡ್ಡಿನಲ್ಲಿ ಕುಗ್ಗುವುದು ಸುಮಾರು ಶೇ 3. ನಿಯಮದ ತುತ್ತತುದಿಯ 5,900ರಲ್ಲಿ ಶೇ 2.5. ಫೇಸಿನ ಪುಟಿಯುವ ಗುಣ ಎಲ್ಲ ಕಡೆಯೂ ಒಂದೇ ಎಂದು ಊಹಿಸಿ ಮಾಡಿದ ಲೆಕ್ಕವಿದು, ನಿಜವಾದ ಹೆಡ್ಡಿನಲ್ಲಿ ಅಂಕಿಗಳು ಸ್ವಲ್ಪ ಅತ್ತಿತ್ತ ಆಗುತ್ತವೆ. ಆದರೆ ಏರಿಕೆಯ ಸ್ವರೂಪ ಬದಲಾಗದು. ಚಿಕ್ಕ ಹೆಡ್ಡಿನಿಂದ ದೊಡ್ಡದಕ್ಕೆ ಬಂದಾಗ ಉಳಿದದ್ದು ಶೇ 4. ದೊಡ್ಡದರಿಂದ ಗರಿಷ್ಠಕ್ಕೆ ಏರಿದಾಗ ಉಳಿಯುವುದು ಅರ್ಧ ಪ್ರತಿಶತ. ಅಂದರೆ ಆಕಾರದಿಂದ ಸಿಗಬೇಕಾದ ಸಹಾಯದ ಸಿಂಹಪಾಲು ಹೆಡ್ಡುಗಳು ಹಿಗ್ಗಿದ ಆ ಒಂದು ಕಾಲಘಟ್ಟದಲ್ಲೇ ಸಿಕ್ಕಿಬಿಟ್ಟಿದೆ. 1991ರಲ್ಲಿ ಕ್ಯಾಲವೇಯ ‘ಬಿಗ್ ಬರ್ತಾ’ ಬಂದಾಗ ಅದರ 190 ಘನ ಸೆಂಟಿಮೀಟರ್ ಗಾತ್ರವೇ ದೈತ್ಯ ಎನಿಸಿತ್ತು. ಹದಿನೈದು ವರ್ಷಗಳೊಳಗೆ ಗಾತ್ರ ಅದರ ಎರಡೂವರೆ ಪಟ್ಟಿನ ಹತ್ತಿರ ಹೋಯಿತು. ಆಮೇಲೆ ನಡೆದಿರುವುದೆಲ್ಲ ಕೊನೆಯ ಹನಿಯನ್ನು ಹಿಂಡುವ ಕೆಲಸ.

ಇನ್ನು ಚೆಂಡು ನೇರ ಹೋಗುವ ಮಾತು. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ತಾಗುವ ಕ್ಷಣದಲ್ಲಿ ಫೇಸು ಎತ್ತ ನೋಡುತ್ತಿತ್ತು ಎಂಬುದೇ. ಡ್ರೈವರಿನ ಮಟ್ಟಿಗೆ ಐದರಲ್ಲಿ ನಾಲ್ಕು ಪಾಲು ಅದರದ್ದು ಎನ್ನಬಹುದು. ಉಳಿದದ್ದು ಕ್ಲಬ್ ಸಾಗುತ್ತಿದ್ದ ದಾರಿಯದ್ದು. ಫೇಸಿನ ನೋಟಕ್ಕೂ ಕ್ಲಬ್ಬಿನ ದಾರಿಗೂ ನಡುವೆ ಎಷ್ಟು ಅಂತರವಿದೆಯೋ ಅಷ್ಟು ಚೆಂಡು ಗಾಳಿಯಲ್ಲಿ ಬಾಗುತ್ತದೆ. ಚೆಂಡು ಗುರಿಯಿಂದ 2 ಡಿಗ್ರಿ ಓರೆಯಾಗಿ ಹೊರಟರೆ, ಬಾಗುವಿಕೆಯನ್ನು ಬಿಟ್ಟರೂ, 220 ಮೀಟರ್ ದೂರದಲ್ಲಿ ಏಳು ಮೀಟರಿಗೂ ಹೆಚ್ಚು ಆಚೆ ಬೀಳುತ್ತದೆ. ಆ 2 ಡಿಗ್ರಿ ಹುಟ್ಟುವುದು ಮಣಿಕಟ್ಟಿನಲ್ಲಿ, ಹಿಡಿತದಲ್ಲಿ, ಸೊಂಟ ತಿರುಗುವ ಹೊತ್ತಿನಲ್ಲಿ. ಚೆಂಡು ತಾಗುವುದಕ್ಕೆ ಮೊದಲೇ. ಎಂಒಐ ಕೆಲಸ ಶುರುಮಾಡುವುದು ತಾಗಿದ ಮೇಲೆ. ಫೇಸು ಬಲಕ್ಕೆ ತೆರೆದುಕೊಂಡೇ ಬಂದಿದ್ದರೆ ಎಷ್ಟೇ ಅಲುಗದ ಹೆಡ್ಡಾದರೂ ಚೆಂಡನ್ನು ಅಷ್ಟೇ ನಿಷ್ಠೆಯಿಂದ ಬಲಕ್ಕೇ ಕಳಿಸುತ್ತದೆ. ಇಲ್ಲಿ ಇನ್ನೊಂದು ತೊಡಕೂ ಇದೆ. ಹೊಸಬರಲ್ಲಿ ಹೆಚ್ಚಿನವರ ಗೋಳು ಸ್ಲೈಸ್, ಅಂದರೆ ಫೇಸು ಸಕಾಲಕ್ಕೆ ಮುಚ್ಚದೆ ಚೆಂಡು ಬಲಕ್ಕೆ ಬಾಗುವುದು. ತೂಕವನ್ನು ಶಾಫ್ಟಿನಿಂದ ದೂರ ಮೂಲೆಗಳಿಗೆ ಒಯ್ದ ಹೆಡ್ಡನ್ನು ಶಾಫ್ಟಿನ ಸುತ್ತ ತಿರುಗಿಸಿ ಮುಚ್ಚುವುದೂ ಅಷ್ಟೇ ಕಷ್ಟ. ತಾಗಿದ ಮೇಲೆ ನೆರವಾಗುವ ಗುಣವೇ ತಾಗುವ ಮೊದಲು ಅಡ್ಡಿಯಾಗಬಲ್ಲದು. ಈ ಮಾತನ್ನು ಜಾಹೀರಾತುಗಳಲ್ಲಿ ಕಾಣುವುದು ಅಪರೂಪ.

ದೊಡ್ಡ ಹೆಡ್ಡು ನಿಜಕ್ಕೂ ಆಟಗಾರರನ್ನು ನೇರ ಮಾಡಿದ್ದರೆ ಅದು ಎಲ್ಲಾದರೂ ಕಾಣಬೇಕಿತ್ತು. ಪಿಜಿಎ ಟೂರ್ 1980ರಿಂದ ಡ್ರೈವರ್ ಹೊಡೆತಗಳ ಅಂಕಿಗಳನ್ನು ಇಟ್ಟುಕೊಂಡು ಬಂದಿದೆ. ಆಗಿನ ಸರಾಸರಿ ದೂರ 260 ಗಜದೊಳಗಿತ್ತು, ಈಗ 300ರ ಹತ್ತಿರ ಬಂದಿದೆ. ಮೊದಲ ಹೊಡೆತ ಫೇರ್‌ವೇಯಲ್ಲಿ, ಅಂದರೆ ಹುಲ್ಲು ಕತ್ತರಿಸಿದ ನಡುಹಾದಿಯಲ್ಲಿ, ಬೀಳುವ ಪ್ರಮಾಣ ಆಗಲೂ ಶೇ 60ರ ಆಸುಪಾಸು, ಈಗಲೂ ಅಲ್ಲೇ. ಇದರ ಜೊತೆಗೆ ಕ್ಯಾಲ್ವಿನ್ ಪೀಟ್ ಎಂಬ ಆಟಗಾರನ ಸಾಧನೆಯನ್ನು ಇಟ್ಟು ನೋಡಬೇಕು. ಬಡತನದಲ್ಲಿ ಬೆಳೆದ ಈ ಕಪ್ಪು ಅಮೆರಿಕನ್ನರು ಗಾಲ್ಫ್ ಕ್ಲಬ್ ಮುಟ್ಟಿದ್ದೇ ಇಪ್ಪತ್ತು ದಾಟಿದ ಮೇಲೆ. ಬಾಲ್ಯದಲ್ಲಿ ಮುರಿದ ಎಡ ಮೊಣಕೈ ಸರಿಯಾಗಿ ಕೂಡದೆ ಆ ತೋಳನ್ನು ಪೂರ್ತಿ ಚಾಚಲು ಅವರಿಗೆ ಆಗುತ್ತಿರಲಿಲ್ಲ. ಎಡತೋಳು ನೆಟ್ಟಗಿರಲಿ ಎಂಬುದು ಗಾಲ್ಫ್ ಶಿಕ್ಷಕರು ಹೇಳುವ ಮೊದಲ ಪಾಠಗಳಲ್ಲೊಂದು. ಅಂಥ ತೋಳಿನಲ್ಲೇ ಪೀಟ್ 1981ರಿಂದ 1990ರವರೆಗೆ ಸತತ ಹತ್ತು ವರ್ಷ ಫೇರ್‌ವೇಗೆ ಹೊಡೆಯುವುದರಲ್ಲಿ ಟೂರ್‌ನ ಮೊದಲಿಗರಾಗಿದ್ದರು, 1985ರಲ್ಲಿ ಪ್ಲೇಯರ್ಸ್ ಚಾಂಪಿಯನ್‌ಶಿಪ್ಪನ್ನೂ ಗೆದ್ದರು. ಆ ಹತ್ತು ವರ್ಷಗಳಲ್ಲಿ ಟೂರ್‌ನಲ್ಲಿ ಇದ್ದದ್ದು ಪರ್ಸಿಮನ್ ಮರದ ಹೆಡ್ಡುಗಳು ಮತ್ತು ಅಷ್ಟೇ ಪುಟ್ಟದಾದ ಉಕ್ಕಿನ ಹೆಡ್ಡುಗಳು. ಬಿಗ್ ಬರ್ತಾ ಇನ್ನೂ ಹುಟ್ಟಿರಲಿಲ್ಲ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ನನಗೆ ಗೊತ್ತಿದೆ. ಹೆಡ್ಡು ದೊಡ್ಡದಾದ ಧೈರ್ಯದಲ್ಲೇ ವೃತ್ತಿಪರರು ಇನ್ನಷ್ಟು ಜೋರಾಗಿ ಬೀಸತೊಡಗಿದರು, ಸಿಕ್ಕ ನಿಖರತೆಯನ್ನು ದೂರಕ್ಕೆ ಖರ್ಚು ಮಾಡಿದರು, ಹಾಗಾಗಿ ಶೇ 60 ಎಂಬ ಅಂಕಿ ಏನನ್ನೂ ಸಾಬೀತು ಮಾಡುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ವಾರಾಂತ್ಯದಲ್ಲಿ ಆಡುವವರ ಚೆಂಡು ಫೇಸಿನ ಎಲ್ಲೆಲ್ಲೋ ತಾಗುತ್ತದೆ, ಆದ್ದರಿಂದ ಅವರಿಗೆ ಎಂಒಐಯಿಂದ ವೃತ್ತಿಪರರಿಗಿಂತ ಹೆಚ್ಚು ಲಾಭ ಎಂಬುದೂ ಸರಿಯೇ. ಕೇಂದ್ರ ತಪ್ಪಿದ ಹೊಡೆತದಲ್ಲಿ ಹೆಡ್ಡು ಕಡಿಮೆ ತಿರುಗಿದರೆ ದಿಕ್ಕಿನ ಚದುರುವಿಕೆಯೂ ಸ್ವಲ್ಪ ತಗ್ಗುತ್ತದೆ. ಆದರೆ ಇವರೇ ಫೇಸನ್ನು ಐದಾರು ಡಿಗ್ರಿ ತೆರೆದೋ ಮುಚ್ಚಿಯೋ ತರುವವರು ಕೂಡ. ದೊಡ್ಡ ತಪ್ಪು ಅಲ್ಲಿರುವಾಗ ಸಣ್ಣ ತಪ್ಪಿನ ಔಷಧಿಯನ್ನೇ ರಾಮಬಾಣವೆಂದು ಕೊಡುವುದನ್ನು ನಾನು ಒಪ್ಪಲಾರೆ.

ಆಕಾರದ ಒಂದು ಭಾಗ ಮಾತ್ರ ದಿಕ್ಕನ್ನು ನಿಜಕ್ಕೂ ತಿದ್ದುತ್ತದೆ, ಮತ್ತು ಅದರ ಬಗ್ಗೆ ಜಾಹೀರಾತುಗಳಲ್ಲಿ ಗದ್ದಲವೇ ಕಡಿಮೆ. ಡ್ರೈವರಿನ ಫೇಸು ಸಪಾಟಾಗಿಲ್ಲ, ಎಡದಿಂದ ಬಲಕ್ಕೆ ತುಸು ಉಬ್ಬಿದೆ. ಬಲಗೈ ಆಟಗಾರನ ಚೆಂಡು ಹೊರತುದಿಗೆ ತಾಗಿತೆನ್ನಿ. ಹೆಡ್ಡು ಬಲಕ್ಕೆ ತಿರುಗುತ್ತದೆ, ಅದರ ಗುರುತ್ವ ಕೇಂದ್ರ ಫೇಸಿನಿಂದ ಹಿಂದೆ ಇರುವುದರಿಂದ ಫೇಸು ಪಕ್ಕಕ್ಕೂ ಜರುಗುತ್ತದೆ, ಆ ಜರುಗುವಿಕೆ ಚೆಂಡನ್ನು ವಿರುದ್ಧ ದಿಕ್ಕಿಗೆ ಗಿರಕಿ ಹೊಡೆಸುತ್ತದೆ. ಗೇರ್ ಎಫೆಕ್ಟ್ ಎಂದು ಇದರ ಹೆಸರು. ಗಿರಕಿಯ ಫಲವಾಗಿ ಚೆಂಡು ಗಾಳಿಯಲ್ಲಿ ಎಡಕ್ಕೆ ಬಾಗುತ್ತದೆ. ಉಬ್ಬಿನಿಂದಾಗಿ ಅದು ಮೊದಲೇ ಬಲಕ್ಕೆ ಹೊರಟಿರುತ್ತದೆ. ಬಲಕ್ಕೆ ಹೊರಟು ಎಡಕ್ಕೆ ಬಾಗಿ, ಕೊನೆಗೆ ಗುರಿಯ ಹತ್ತಿರ ಇಳಿಯುತ್ತದೆ. ಉಬ್ಬು ಇಲ್ಲದಿದ್ದರೆ ಅದೇ ಹೊಡೆತ ಎಡಗಡೆಯ ಕಾಡು ಸೇರುತ್ತಿತ್ತು. ಎಷ್ಟು ಸೊಗಸಾದ ಹೊಂದಾಣಿಕೆ! ಕಂಪ್ಯೂಟರು, ಗಾಳಿ ಸುರಂಗ ಯಾವುದೂ ಇಲ್ಲದ ಕಾಲದಲ್ಲಿ ಮರ ಕೆತ್ತುವ ಕುಶಲಿಗಳು ಇದನ್ನು ಕೈಯನುಭವದಿಂದಲೇ ಕಂಡುಕೊಂಡಿದ್ದರು. ದಿಕ್ಕಿಗೆ ಅತಿ ಹೆಚ್ಚು ನೆರವಾಗುವ ಆಕಾರ ಕಣ್ಣಿಗೆ ಅಷ್ಟಾಗಿ ಕಾಣದು, ಹೊಸದೂ ಅಲ್ಲ.

ಚೌಕ ಸೋತದ್ದು ವಿಜ್ಞಾನದಿಂದಲ್ಲ, ಸದ್ದಿನಿಂದ ಮತ್ತು ನೋಟದಿಂದ ಎಂದು ಅದರ ಅಭಿಮಾನಿಗಳು ಹೇಳುತ್ತಾರೆ. ನೈಕಿಯ ಆ ಡ್ರೈವರಿನ ಕರ್ಕಶ ಲೋಹದ ಸದ್ದು ಕುಖ್ಯಾತವಾಗಿತ್ತು, ನಿಜ. ಕ್ಲಬ್ಬನ್ನು ನೆಲಕ್ಕೂರಿ ಕೆಳಗೆ ನೋಡಿದಾಗ ಮನಸ್ಸಿಗೆ ಒಗ್ಗದ ಆಕಾರ ಕೈಯನ್ನು ಬಿಗಿಸುತ್ತದೆ, ಒಗ್ಗಿದ ಆಕಾರ ಸಡಿಲಿಸುತ್ತದೆ ಎಂಬುದನ್ನೂ ಹಗುರವಾಗಿ ಕಾಣಬಾರದು. ಆದರೆ ಚೌಕ ಮರಳದಿರಲು ಇನ್ನೂ ದೊಡ್ಡ ಕಾರಣವಿದೆ: ಅದರ ಅಗತ್ಯವೇ ಉಳಿಯಲಿಲ್ಲ. ಹೆಡ್ಡಿನ ಮೇಲ್ಭಾಗಕ್ಕೆ ಹಗುರವಾದ ಕಾರ್ಬನ್ ಫೈಬರ್ ಬಂತು, ಉಳಿಸಿದ ಗ್ರಾಂಗಳನ್ನು ಟಂಗ್‌ಸ್ಟನ್ ತುಂಡಾಗಿ ಹಿಂಬದಿಯಲ್ಲಿ ಕೂರಿಸಲಾಯಿತು. ಮೂಲೆಗಳಿಲ್ಲದ ದುಂಡು ಹೆಡ್ಡೂ ಚೌಕದಷ್ಟೇ ಅಲುಗದೆ ನಿಲ್ಲುವಂತಾಯಿತು. ಆಕಾರದ ಕೆಲಸವನ್ನು ವಸ್ತುವೇ ಮಾಡಿಕೊಟ್ಟಿತು.

ಈ ಪೈಪೋಟಿ 2024ರಲ್ಲಿ ಹೊಸ ಸಂಖ್ಯೆಯೊಂದನ್ನು ಹುಟ್ಟಿಸಿತು. ಟೇಲರ್‌ಮೇಡ್‌ನ ‘ಕ್ಯೂಐ10 ಮ್ಯಾಕ್ಸ್’ ಮತ್ತು ಪಿಂಗ್‌ನ ‘ಜಿ430 ಮ್ಯಾಕ್ಸ್ 10ಕೆ’ ಎರಡೂ 10,000 ಎಂಒಐ ಎಂದು ಸಾರಿದವು. ನಿಯಮದ ಮಿತಿ 5,900 ಎಂದು ಓದಿದವರಿಗೆ ಇದು ಹೇಗೆ ಎನಿಸದೆ ಇರದು. ಎಡಬಲ ತಿರುಗುವ ಅಕ್ಷದ ಎಂಒಐಗೆ ಮೇಲೆ ಕೆಳಗೆ ವಾಲುವ ಅಕ್ಷದ್ದನ್ನೂ ಕೂಡಿಸಿದರೆ 10,000 ಬರುತ್ತದೆ. ನಿಯಮ ಮಿತಿ ಹಾಕಿರುವುದು ಮೊದಲನೆಯದಕ್ಕೆ ಮಾತ್ರ. ಎರಡನೆಯದೂ ಉಪಯುಕ್ತವೇ, ಕೂಡಿಸಿ ಹೇಳಿದ್ದು ಸುಳ್ಳೂ ಅಲ್ಲ. ಆದರೆ ಅಮೆರಿಕದಲ್ಲೇ 600 ಡಾಲರಿನ ಆಸುಪಾಸಿನ ವಸ್ತುವನ್ನು ಕೊಳ್ಳುವವನಿಗೆ ಎರಡು ಅಂಕಿಗಳನ್ನೂ ಬೇರೆಬೇರೆಯಾಗಿ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ ಕೊಡಬೇಕು. ಯುಎಸ್‌ಜಿಎ ಮತ್ತು ಆರ್ ಆ್ಯಂಡ್ ಎ ನಿಯಮಕ್ಕೊಳಪಟ್ಟ ಹೆಡ್ಡುಗಳ ಪಟ್ಟಿಯನ್ನು ಪ್ರಕಟಿಸುತ್ತವೆ. ಅದರಲ್ಲಿ ಹೆಡ್ಡಿನ ಹೆಸರೂ ಗುರುತೂ ಇರುತ್ತವೆ, ಈ ಅಂಕಿಗಳು ಇರುವುದಿಲ್ಲ. ಅವನ್ನೂ ಸೇರಿಸಿದರೆ ಕಳೆದ ವರ್ಷದ ಹೆಡ್ಡಿಗೂ ಈ ವರ್ಷದ್ದಕ್ಕೂ ಇರುವ ಅಂತರ ಎಷ್ಟು ಸಣ್ಣದೆಂದು ಯಾರು ಬೇಕಾದರೂ ನೋಡಿಕೊಳ್ಳಬಹುದು.

ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದಾಗ ಗಾಲ್ಫ್ ಗೊತ್ತಿಲ್ಲದ ಮನೆಗಳಲ್ಲೂ ಟಿ.ವಿ. ಹಚ್ಚಿದ್ದರು. ಡ್ರೈವರಿನಿಂದ ಅತಿ ಕಡಿಮೆ ದೂರ ಹೊಡೆಯುವವರಲ್ಲಿ ಅವರೂ ಒಬ್ಬರಾಗಿದ್ದರು. ಆ ಆಟ ನೋಡಿ ಕ್ಲಬ್ ಹಿಡಿಯಲು ಹೊರಟ ಮಕ್ಕಳ ತಂದೆತಾಯಿಗೆ ನಾನು ಹೇಳುವುದು ಇಷ್ಟು: ಕಳೆದ ಹತ್ತು ವರ್ಷಗಳಲ್ಲಿ ಬಂದ ಯಾವುದೇ ಒಳ್ಳೆಯ 460ರ ಹೆಡ್ಡು ಸಾಕು, ಬಳಸಿದ್ದಾದರೂ ಸರಿ. ಉಳಿದ ದುಡ್ಡು ಶಿಕ್ಷಕರಿಗೆ ಹೋಗಲಿ. ಫೇಸಿನ ಮೇಲೆ ತುಸು ಪೌಡರ್ ಹಚ್ಚಿ ಹತ್ತು ಚೆಂಡು ಹೊಡೆದರೆ ಎಲ್ಲೆಲ್ಲಿ ತಾಗುತ್ತಿದೆ ಎಂದು ಗುರುತು ಬೀಳುತ್ತದೆ. ಗುರುತುಗಳು ಚೆಲ್ಲಾಪಿಲ್ಲಿಯಾಗಿದ್ದರೆ ಶಾಫ್ಟಿನ ಉದ್ದ ನೋಡಿ. ಪರ್ಸಿಮನ್ ಕಾಲದ ಡ್ರೈವರ್ 43 ಇಂಚಿನಷ್ಟಿರುತ್ತಿತ್ತು, ಅಂಗಡಿಯಲ್ಲಿ ಈಗ ಸಿಗುವುದು 45 ಇಂಚು ದಾಟಿರುತ್ತದೆ. ಉದ್ದ ಹೆಚ್ಚಿದಷ್ಟೂ ದೂರ ಹೆಚ್ಚೀತು, ನಡುವಿಗೆ ತಾಗಿಸುವುದು ಕಷ್ಟವಾಗುತ್ತದೆ. ಒಂದು ಇಂಚು ಕತ್ತರಿಸಿ, ಬೀಸುವಾಗ ಹಗುರ ಎನಿಸದಂತೆ ಹೆಡ್ಡಿಗೆ ಕೆಲವು ಗ್ರಾಂ ಸೇರಿಸಿ ಕೊಡುವುದು ಕ್ಲಬ್ ರಿಪೇರಿ ಬಲ್ಲವರಿಗೆ ಸಣ್ಣ ಕೆಲಸ. ಹೊಸ ಹೆಡ್ಡಿನ ಬೆಲೆ ಹೇಳುವ ಮೊದಲು ಅಂಗಡಿಯವರು ಇದನ್ನು ಹೇಳಬೇಕು.