ದೆವ್ವ ಎಲ್ಲಿ ಅಂತ ಕೇಳುವವರಿಗೆ

"ಎಲ್ಲಾ ಚೆನ್ನಾಗಿದೆ, ಆದ್ರೆ ದೆವ್ವ ಎಲ್ಲಿ?"

ಕಳೆದ ತಿಂಗಳು ಒಂದು ಕಿರುಚಿತ್ರ ಸ್ಪರ್ಧೆಯ ತೀರ್ಪುಗಾರರು ನನ್ನನ್ನು ಕೇಳಿದ್ದು ಇದೊಂದೇ ಪ್ರಶ್ನೆ. 11 ನಿಮಿಷದ ಸಿನಿಮಾ. ಎಂಟು ತಿಂಗಳ ಶನಿವಾರ ಭಾನುವಾರಗಳು, ಉಳಿಸಿಟ್ಟಿದ್ದ ರಜೆಗಳು, ರಿಲೀಸ್ ಹತ್ತಿರ ಇದ್ದಾಗ ಮ್ಯಾನೇಜರಿಗೆ ಹೇಳಿದ ಒಂದು ಸುಳ್ಳು ಜ್ವರ, ಎಲ್ಲಾ ಅದರೊಳಗಿದೆ. ಅವರು ಕೆಟ್ಟ ಮನುಷ್ಯರೇನಲ್ಲ, ಪ್ರೀತಿಯಿಂದಲೇ ಸಲಹೆ ಕೊಟ್ಟರು. ಮೊದಲ 30 ಸೆಕೆಂಡಿನಲ್ಲಿ ಒಂದು ಸಲ ಬೆಚ್ಚಿಬೀಳಿಸಿ, ಕೊನೇಲಿ ಬಿಳಿ ಸೀರೆಯವಳ ಮುಖ ತೋರಿಸಿ, ಸೌಂಡ್ ಜಾಸ್ತಿ ಮಾಡಿ.. ಆವತ್ತು "ಸರಿ ಸಾರ್" ಅಂದು ಎದ್ದು ಬಂದೆ. ಹೇಳಬೇಕಾಗಿದ್ದನ್ನು ಇಲ್ಲಿ ಬರೀತಾ ಇದ್ದೀನಿ. ಎದುರಿಗೆ ಬಾಯಿ ಬಾರದವರಿಗೆ ಬ್ಲಾಗು ಇರೋದೇ ಇದಕ್ಕೆ ಅಲ್ವಾ?

ಮೊದಲು ಕಥೆ ಹೇಳಿಬಿಡ್ತೀನಿ. ಸಾಗರದ ಹತ್ತಿರ ನಮ್ಮ ಹಳೇ ಮನೆ ಇದೆ. ಜಗಲಿ, ನಡುಮನೆ, ಅಟ್ಟ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕೋಣೆ. ಅಜ್ಜನ ತಂಗಿ ಹದಿನಾರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಸಾಯುವ ತನಕ ಆ ಕೋಣೆಯಲ್ಲೇ ಇದ್ದರಂತೆ. ನಾನು ನೋಡಿಲ್ಲ. ಮನೆಯಲ್ಲಿ ಅವರದ್ದೊಂದು ಫೋಟೋ ಕೂಡ ಇಲ್ಲ. ಚಿಕ್ಕವನಿದ್ದಾಗ ಕಣ್ಣಾಮುಚ್ಚಾಲೆ ಆಡುವಾಗ ಅಲ್ಲಿ ಅಡಗಿಕೊಳ್ಳೋಕೆ ಹೋಗಿ ಒಂದು ವಿಷಯ ಗಮನಿಸಿದ್ದೆ. ಮನೆಯ ಉಳಿದೆಲ್ಲ ಕೋಣೆಗಳಿಗೂ ಒಳಗೊಂದು ಹೊರಗೊಂದು ಚಿಲಕ. ಈ ಕೋಣೆಗೆ ಮಾತ್ರ ಹೊರಗಡೆ ಒಂದೇ.

ನನ್ನ ಸಿನಿಮಾ ಇಷ್ಟೇ: ಮನೆ ಮಾರುವ ಮುಂಚೆ ಸಾಮಾನು ಕಟ್ಟೋಕೆ ಬಂದ ಮೊಮ್ಮಗ ರಾತ್ರಿ ಮಲಗುವಾಗ ಆ ಚಿಲಕ ಹಾಕ್ತಾನೆ. ಬೆಳಿಗ್ಗೆ ನೋಡಿದರೆ ತೆಗೆದಿರುತ್ತೆ. ಮತ್ತೆ ಹಾಕ್ತಾನೆ. ಖಾಲಿ ಕೋಣೆಗೆ ಯಾಕೆ ಚಿಲಕ ಹಾಕ್ತಿದ್ದೀನಿ ಅಂತ ಅವನಿಗೇ ಗೊತ್ತಿಲ್ಲ, ಮನೆಯಲ್ಲಿ ಎಲ್ಲರೂ ಹಾಕ್ತಿದ್ದರು, ಇವನೂ ಹಾಕ್ತಾನೆ. ಯಾರೂ ಕಾಣಿಸಿಕೊಳ್ಳೋದಿಲ್ಲ.

ತೀರ್ಪುಗಾರರಿಗಿಂತ ಮುಂಚೆ ಇದನ್ನು ನೋಡಿದ್ದು ದೊಡ್ಡಪ್ಪ. ಶೂಟಿಂಗಿಗೆ ಮನೆ ಬಿಟ್ಟುಕೊಟ್ಟವರು ಅವರೇ, ತೋರಿಸದೆ ಇರೋಕಾಗುತ್ತಾ? ಲ್ಯಾಪ್‌ಟಾಪ್ ಮುಂದೆ ಸುಮ್ಮನೆ ಕೂತಿದ್ದರು. ಮುಗಿದ ಮೇಲೆ ಎಲೆಯಡಿಕೆ ತಟ್ಟೆ ಎಳೆದುಕೊಂಡು ಹೇಳಿದರು: "ಬೇಕಾದ್ರೆ ದೆವ್ವಾನೋ ಪಿಶಾಚಿನೋ ಹಾಕ್ಕೋ ಮಾರಾಯ. ಆ ಚಿಲಕ ಒಂದು ತೋರಿಸ್ಬೇಡ."

ನೋಡಿದ್ರಾ? ಬೆಂಗಳೂರಿನ ತೀರ್ಪುಗಾರರಿಗೂ ದೆವ್ವ ಬೇಕು, ನಮ್ಮ ದೊಡ್ಡಪ್ಪನಿಗೂ ದೆವ್ವ ಬೇಕು! ದೆವ್ವ ಬಂದರೆ ಎಲ್ಲರಿಗೂ ಅನುಕೂಲ. ಬಿಳಿ ಸೀರೆ ಉಟ್ಟು, ಕೂದಲು ಕೆದರಿಕೊಂಡು ಅವಳು ಬರ್ತಾಳೆ, ಮನೆಯವರಿಗೆ ಕಾಟ ಕೊಡ್ತಾಳೆ, ಮಂತ್ರವಾದಿ ಬಂದು ಓಡಿಸ್ತಾನೆ, ಮನೆ ಶುದ್ಧ. ಬದುಕಿದ್ದಾಗ ಅವಳನ್ನು ಕೂಡಿಹಾಕಿದವರು ಕಥೆ ಮುಗಿಯೋಷ್ಟರಲ್ಲಿ ಪಾಪದವರು, ನೊಂದವರು ಆಗಿಬಿಟ್ಟಿರ್ತಾರೆ. ನಮ್ಮ ಅರ್ಧಕ್ಕರ್ಧ ಹಾರರ್ ಕಿರುಚಿತ್ರಗಳು ಮಾಡ್ತಿರೋದು ಇದನ್ನೇ, ಸತ್ತವಳ ಮೇಲೆ ಇನ್ನೊಂದು ಸಲ ಚಿಲಕ ಹಾಕೋದು.

ಇದಕ್ಕೆ 'ಗೋಥಿಕ್' ಅಂತ ಬೇರೆ ಹೆಸರಿಟ್ಟುಕೊಳ್ತಾರೆ! ಮೇಣದಬತ್ತಿ, ಶಿಲುಬೆ, ಮಂಜಿನ ಮೆಷಿನ್ನು ಇದ್ದರೆ ಗೋಥಿಕ್ಕಂತೆ. ಸ್ವಾಮಿ, ಈ ಜಾತಿಯ ಕಥೆಗಳಿಗೆ ಮೂಲ ಅಂತ ಎಲ್ಲರೂ ಹೇಳೋದು ಹೊರೇಸ್ ವಾಲ್‌ಪೋಲ್ 1764ರಲ್ಲಿ ಬರೆದ 'ದಿ ಕ್ಯಾಸಲ್ ಆಫ್ ಒಟ್ರಾಂಟೊ'. ಅದರಲ್ಲಿ ಭೂತ ಚೇಷ್ಟೆಗಳೇನೋ ಬೇಕಾದಷ್ಟಿವೆ. ಆದರೆ ಅವುಗಳ ಹಿಂದಿರೋದು ಅಜ್ಜನ ಕಾಲದ ಒಂದು ಅನ್ಯಾಯ. ನಿಜವಾದ ಒಡೆಯನಿಗೆ ವಿಷ ಹಾಕಿ ಕೋಟೆ ಕಬಳಿಸಿದವನ ಮೊಮ್ಮಗ ಅಲ್ಲಿ ಆಳ್ತಿರ್ತಾನೆ, ಕೊನೆಗೆ ಗೋಡೆಗಳೇ ಕುಸಿಯುತ್ತವೆ. 1847ರ 'ಜೇನ್ ಏರ್'ನಲ್ಲಿ ರಾತ್ರಿ ಕೇಳಿಸೋ ವಿಕಾರ ನಗು ದೆವ್ವದ್ದಲ್ಲ, ಮೇಲಂತಸ್ತಿನಲ್ಲಿ ಕೂಡಿಟ್ಟ ಹೆಂಡತಿಯದ್ದು. ಮನೆ ಏನನ್ನು ಮುಚ್ಚಿಟ್ಟಿದೆ ಅನ್ನೋದೇ ಗೋಥಿಕ್. ಹಾಗೆ ನೋಡಿದರೆ ಮಲೆನಾಡಿನ ಒಂದೊಂದು ಮನೆಯೂ ಒಂದೊಂದು ಕೋಟೆ.

ನಮ್ಮವರಿಗೆ ಇದು ಗೊತ್ತಿಲ್ಲದ್ದೇನಲ್ಲ. 1993ರ ಮಲಯಾಳಂನ 'ಮಣಿಚಿತ್ರತ್ತಾಳ್' ನಿಂತಿರೋದೇ ಬೀಗ ಹಾಕಿದ ಒಂದು ಕೋಣೆಯ ಮೇಲೆ. ಅದನ್ನು 2004ರಲ್ಲಿ 'ಆಪ್ತಮಿತ್ರ' ಮಾಡುವಾಗ ನಾವು ಒಂದು ದೊಡ್ಡ ಹಾವನ್ನೂ ಸೇರಿಸಿದೆವು. (ಸೌಂದರ್ಯ ಅಭಿಮಾನಿಗಳು ಬಯ್ಯಬೇಡಿ, ನಾನೂ ಅಭಿಮಾನಿಯೇ. ನನ್ನ ಜಗಳ ಹಾವಿನ ಜೊತೆ ಮಾತ್ರ.)

ಇನ್ನೊಂದು ವಾದ, ದುಡ್ಡಿಲ್ಲದೆ ಇಂಥದ್ದು ಆಗಲ್ಲ ಅನ್ನೋದು. 1928ರಲ್ಲಿ ಅಮೆರಿಕಾದ ರಾಚೆಸ್ಟರಿನಲ್ಲಿ ಜೇಮ್ಸ್ ಸಿಬ್ಲಿ ವಾಟ್ಸನ್ ಮತ್ತು ಮೆಲ್ವಿಲ್ ವೆಬ್ಬರ್ ಅಂತ ಇಬ್ಬರು ಹವ್ಯಾಸಿಗಳು ಪೋನ 'ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್' ಕಥೆಯನ್ನು 13 ನಿಮಿಷದ ಮೂಕಿಚಿತ್ರ ಮಾಡಿದರು. ಒಬ್ಬ ವೈದ್ಯಕೀಯ ಓದಿದವನು, ಇನ್ನೊಬ್ಬ ಕಲಾ ಇತಿಹಾಸದವನು. ಸ್ಟುಡಿಯೋ ಅಂದರೆ ಕುದುರೆ ಲಾಯ. ನಾಯಕಿ ವಾಟ್ಸನ್ನನ ಹೆಂಡತಿ. ಲೆನ್ಸಿನ ಮುಂದೆ ಪ್ರಿಸಂ ಹಿಡಿದು, ಒಂದರ ಮೇಲೊಂದು ಚಿತ್ರ ಕೂರಿಸಿ ಮೆಟ್ಟಿಲು ಗೋಡೆಗಳನ್ನೆಲ್ಲ ಅಲುಗಾಡಿಸಿಬಿಟ್ಟಿದ್ದಾರೆ. ವಾಟ್ಸನ್ ಶ್ರೀಮಂತರ ಮನೆ ಹುಡುಗ, ಒಪ್ಪಿಕೊಳ್ತೀನಿ. ಆದರೆ ಆ ಪ್ರಿಸಂಗೆ ತಾತನ ಆಸ್ತಿ ಬೇಕಾಗಿರಲಿಲ್ಲ. 2000ದಲ್ಲಿ ಅಮೆರಿಕಾದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೂ ಸೇರಿದೆ.

ನಾನು ಶೂಟ್ ಮಾಡಿದ್ದು ಮೊಬೈಲಿನಲ್ಲಿ. ಕಲಿತದ್ದು ಎರಡೇ ವಿಷಯ. ಮೊಬೈಲ್ ಕ್ಯಾಮೆರಾ ಕತ್ತಲೆಯನ್ನು ಬಗ್ ಅಂದುಕೊಳ್ಳುತ್ತೆ, ಎಕ್ಸ್‌ಪೋಷರ್ ಲಾಕ್ ಮಾಡದಿದ್ದರೆ ನಡುಮನೆಯನ್ನು ಮದುವೆ ಮನೆ ಥರ ಬೆಳಗಿಸುತ್ತೆ. ಮತ್ತೆ ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ 25 ಫ್ರೇಮ್, ಶಟರ್ 1/50 ಇಟ್ಟರೆ ಬಲ್ಬಿನ ಮಿಣುಕಾಟ ಇರಲ್ಲ. ಮಿಕ್ಕಿದ್ದು ಮನೆಯೇ ಕೊಟ್ಟಿತು.

"ಜನ ನೋಡಲ್ಲ ಕಣೋ, ಹತ್ತು ಸೆಕೆಂಡಿಗೆ ಮುಂದಕ್ಕೆ ಓಡಿಸ್ತಾರೆ" ಅಂತಾನೆ ಎಡಿಟಿಂಗ್ ಮಾಡಿಕೊಟ್ಟ ನನ್ನ ಪಕ್ಕದ ಕ್ಯೂಬಿಕಲ್ಲಿನ ಗೆಳೆಯ. ಇರಬಹುದು. ಜಂಪ್ ಸ್ಕೇರ್ ಅಂದರೆ ಇಂಟರಪ್ಟ್ ಇದ್ದ ಹಾಗೆ, ಬಂತು, ಹ್ಯಾಂಡಲ್ ಆಯ್ತು, ಸಿಸ್ಟಮ್ಮು ಹಳೇ ಕೆಲಸಕ್ಕೆ ವಾಪಸ್ಸು. ನನಗೆ ಬೇಕಾಗಿದ್ದು ಮೆಮೊರಿ ಲೀಕು. ನೋಡಿ ಮುಗಿಸಿದವನು ರಾತ್ರಿ ತನ್ನ ಮನೆ ಬಾಗಿಲು ಹಾಕುವಾಗ ಒಂದು ಕ್ಷಣ ಕೈ ತಡೆಯಬೇಕು.

ಹಾಗಂತ ನನ್ನ ಸಿನಿಮಾ ಮಹಾ ಕೃತಿ ಅಂತಲ್ಲ. ಮೊಮ್ಮಗನ ಪಾತ್ರ ಮಾಡಿದ್ದು ನಾನೇ, ಮುಖದಲ್ಲಿ ಭಯಕ್ಕಿಂತ ನಿದ್ದೆ ಜಾಸ್ತಿ ಕಾಣುತ್ತೆ. ಮಳೆ ಸದ್ದಿಗೆ ಎರಡು ಮಾತು ಕೇಳಿಸೋದೇ ಇಲ್ಲ. ಅದಕ್ಕೆ ಬೈದಿದ್ದರೆ ಒಪ್ಪಿಕೊಳ್ತಿದ್ದೆ.

ದೊಡ್ಡಪ್ಪ ಈಗ ನನ್ನ ಜೊತೆ ಅಷ್ಟಾಗಿ ಮಾತಾಡ್ತಿಲ್ಲ. ಅದು ಬೇಜಾರೇ. ಅವರೇನೂ ಚಿಲಕ ಹಾಕಿದವರಲ್ಲ, ಅವರು ಆಗಿನ್ನೂ ಹುಡುಗ. ದೊಡ್ಡಮ್ಮ ಮಾತ್ರ ಫೋನ್ ಮಾಡಿದ್ದರು, ಆ ಅತ್ತೆಯನ್ನು ಕೊನೆಗಾಲದಲ್ಲಿ ನೋಡಿಕೊಂಡವರು ಅವರೇ. "ಎರಡು ಸಲ ನೋಡಿದೆ. ಕೋಣೆ ಒಳಗಿಂದ ಯಾಕೆ ತೆಗೀಲಿಲ್ಲ ನೀನು?" ಅಂದರು. ಉತ್ತರ ಹೊಳೀಲಿಲ್ಲ.

ಚಿಲಕದ ಶಾಟ್ ತೆಗೆದಿಲ್ಲ, ತೆಗೆಯೋದೂ ಇಲ್ಲ. ಈ ಮಳೆಗಾಲದಲ್ಲಿ ಮತ್ತೆ ಹೋಗ್ತಾ ಇದ್ದೀನಿ, ಈ ಸಲ ಕ್ಯಾಮೆರಾ ಒಳಗೆ ಇಡ್ತೀನಿ. ದೊಡ್ಡಪ್ಪ ಬೀಗದ ಕೈ ಕೊಡ್ತಾರೋ ಇಲ್ಲವೋ, ದೊಡ್ಡಮ್ಮ ಕೇಳಿ ನೋಡ್ತೀನಿ ಅಂದಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಸೌಂಡ್ ರೆಕಾರ್ಡಿಂಗ್ ಬರೋದಾದರೆ ತಿಳಿಸಿ. ಸಂಬಳ ಇಲ್ಲ. ಎರಡು ಹೊತ್ತು ಊಟ, ಬಸ್ ಚಾರ್ಜು ಗ್ಯಾರಂಟಿ. ಉಂಬಳ ಕಚ್ಚಿದರೆ ನಾನು ಜವಾಬ್ದಾರನಲ್ಲ.